ಸಣ್ಣ ಉದ್ಯಮಗಳ ಸಾಮಾಜಿಕ ಮಾಧ್ಯಮ ವಿಷಯ ಯೋಜನೆ

ಸಣ್ಣ ಉದ್ಯಮಗಳ ಸಾಮಾಜಿಕ ಮಾಧ್ಯಮ ವಿಷಯ ಯೋಜನೆ ಎಂದರೆ ಅಂಗಡಿ, ಗೃಹೋದ್ಯಮ, ಕರಕುಶಲ ಘಟಕ, ಸ್ವಸಹಾಯ ಸಂಘ ಮೊದಲಾದ ಚಿಕ್ಕ ವ್ಯಾಪಾರಗಳು ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮುಂತಾದ ಜಾಲತಾಣಗಳಲ್ಲಿ ಏನನ್ನು, ಯಾವಾಗ, ಯಾರಿಗಾಗಿ ಪ್ರಕಟಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವ ಕ್ರಮ. ಹೀಗೆ ಪ್ರಕಟವಾಗುವ ಬರಹ, ಛಾಯಾಚಿತ್ರ, ಧ್ವನಿ ಮತ್ತು ವಿಡಿಯೊಗಳನ್ನು ಒಟ್ಟಾಗಿ ‘ವಿಷಯ’ ಅಥವಾ ‘ಕಂಟೆಂಟ್’ ಎನ್ನಲಾಗುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವಿಭಾಗ ಇರುತ್ತದೆ. ಸಣ್ಣ ಉದ್ಯಮದಲ್ಲಿ ತಯಾರಿಕೆ, ಮಾರಾಟ, ಲೆಕ್ಕಪತ್ರಗಳನ್ನು ನೋಡಿಕೊಳ್ಳುವವರೇ ಇದನ್ನೂ ನಿರ್ವಹಿಸಬೇಕಾಗುತ್ತದೆ. ಆದ್ದರಿಂದ ಹೊಸ ಕಲ್ಪನೆಗಳನ್ನು ಹುಡುಕುವುದಕ್ಕಿಂತ, ದಿನನಿತ್ಯದ ಕೆಲಸ, ಋತುಮಾನ ಮತ್ತು ಗ್ರಾಹಕರ ಪ್ರಶ್ನೆಗಳಿಂದಲೇ ವಿಷಯಗಳನ್ನು ಆಯ್ದುಕೊಳ್ಳುವ ವಿಧಾನವು ಇಂತಹ ಉದ್ಯಮಗಳಿಗೆ ಹೆಚ್ಚು ಹೊಂದುತ್ತದೆ.

ಈ ಲೇಖನವು ವಿಷಯ ಯೋಜನೆಯ ಸಾಮಾನ್ಯ ತತ್ತ್ವಗಳನ್ನು ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಉತ್ಪನ್ನಗಳು, ಕಲೆಗಳು ಹಾಗೂ ಋತುಮಾನದ ಉದಾಹರಣೆಗಳೊಂದಿಗೆ ವಿವರಿಸುತ್ತದೆ.

## ಹಿನ್ನೆಲೆ

ಗ್ರಾಹಕರಿಗೆ ಉಪಯುಕ್ತ ಮಾಹಿತಿಯನ್ನು ನೀಡಿ, ಆ ಮೂಲಕ ವ್ಯಾಪಾರವನ್ನು ಬೆಳೆಸುವ ಪದ್ಧತಿ ಅಂತರಜಾಲಕ್ಕಿಂತ ಹಳೆಯದು. ಅಮೆರಿಕದ ಕೃಷಿ ಯಂತ್ರ ತಯಾರಕ ಸಂಸ್ಥೆ ಜಾನ್ ಡೀರ್ 1895ರಲ್ಲಿ ರೈತರಿಗಾಗಿ ‘ದ ಫರೋ’ ಎಂಬ ಪತ್ರಿಕೆಯನ್ನು ಆರಂಭಿಸಿತು. ಫ್ರಾನ್ಸಿನ ಟೈರು ತಯಾರಕ ಸಂಸ್ಥೆ ಮಿಷೆಲಿನ್ 1900ರಲ್ಲಿ ವಾಹನ ಸವಾರರಿಗಾಗಿ ಪ್ರವಾಸ ಕೈಪಿಡಿಯನ್ನು ಹೊರತಂದಿತು. ಎರಡೂ ಪ್ರಕಟಣೆಗಳು ಓದುಗರಿಗೆ ಬೇಕಾದ ತಿಳಿವಳಿಕೆಯನ್ನು ಕೊಡುವ ಮೂಲಕ ಸಂಸ್ಥೆಯ ಹೆಸರನ್ನು ಅವರ ನೆನಪಿನಲ್ಲಿ ಉಳಿಸಿದವು.

ಫೇಸ್‌ಬುಕ್ 2004ರಲ್ಲಿ, ಯೂಟ್ಯೂಬ್ 2005ರಲ್ಲಿ, ವಾಟ್ಸಾಪ್ 2009ರಲ್ಲಿ ಮತ್ತು ಇನ್‌ಸ್ಟಾಗ್ರಾಮ್ 2010ರಲ್ಲಿ ಆರಂಭವಾದವು. ಭಾರತದಲ್ಲಿ 2016ರ ನಂತರ ಮೊಬೈಲ್ ಡೇಟಾದ ಬೆಲೆ ಇಳಿದಂತೆ ಗ್ರಾಮೀಣ ಪ್ರದೇಶಗಳಲ್ಲಿಯೂ ಇವುಗಳ ಬಳಕೆ ಹೆಚ್ಚಿತು. ಸಣ್ಣ ವ್ಯಾಪಾರಿಗಳಿಗಾಗಿಯೇ ರೂಪಿಸಲಾದ ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಲ್ಲಿ ಬಂದಿತು. ಕೋವಿಡ್-19ರ ಲಾಕ್‌ಡೌನ್ ಅವಧಿಯಲ್ಲಿ ಸಂತೆ ಮತ್ತು ಮಂಡಿಗಳು ಮುಚ್ಚಿದಾಗ ಕರ್ನಾಟಕದ ಹಲವು ಬೆಳೆಗಾರರು ಸಾಮಾಜಿಕ ಮಾಧ್ಯಮಗಳ ಮೂಲಕ ನೇರ ಮಾರಾಟಕ್ಕೆ ಮುಂದಾದರು.

## ಶಿಕಾರಿಪುರ ಮತ್ತು ಸೊರಬದ ಸಣ್ಣ ಉದ್ಯಮಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆಯ ನಡುವಿನ ಪ್ರದೇಶದಲ್ಲಿವೆ. ಭತ್ತ, ಅಡಿಕೆ, ಮೆಕ್ಕೆಜೋಳ, ಶುಂಠಿ ಮತ್ತು ಅನಾನಸ್ ಇಲ್ಲಿನ ಬೆಳೆಗಳಲ್ಲಿ ಸೇರಿವೆ. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಶಿವಮೊಗ್ಗ ಜಿಲ್ಲೆಗೆ ಅನಾನಸ್ ಅನ್ನು ಗುರುತಿಸಲಾಗಿದೆ.

ಈ ಭಾಗದ ಎರಡು ಕಲೆಗಳು ವಿಶೇಷವಾಗಿ ಪ್ರಸಿದ್ಧವಾಗಿವೆ. ಸೊರಬ, ಸಾಗರ ಮತ್ತು ಉತ್ತರ ಕನ್ನಡ ಜಿಲ್ಲೆಯ ಕೆಲವು ಊರುಗಳಲ್ಲಿ ನೆಲೆಸಿರುವ ಗುಡಿಗಾರರು ಶ್ರೀಗಂಧ ಮತ್ತು ಶಿವಣೆ ಮರದ ಕೆತ್ತನೆಗೆ ಹಾಗೂ ಬೆಂಡಿನಿಂದ ಮಾಡುವ ಬಾಸಿಂಗಗಳಿಗೆ ಹೆಸರಾದವರು. ಸಾಗರ ಮತ್ತು ಸೊರಬ ಸುತ್ತಲಿನ ದೀವರ ಸಮುದಾಯದ ಮಹಿಳೆಯರು ಮದುವೆಯ ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಮತ್ತು ಭೂಮಿ ಹುಣ್ಣಿಮೆಗಾಗಿ ಸಿದ್ಧಪಡಿಸುವ ಚಿತ್ತಾರದ ಬುಟ್ಟಿಗಳು ಮತ್ತೊಂದು ಪರಂಪರೆ. ಇವಲ್ಲದೆ ಹಪ್ಪಳ, ಉಪ್ಪಿನಕಾಯಿ, ಜೋನಿಬೆಲ್ಲ, ಅಡಿಕೆ ಹಾಳೆ ತಟ್ಟೆಗಳ ತಯಾರಿಕೆ ಮತ್ತು ಮಾರಾಟ, ಹೊಲಿಗೆ, ಖಾನಾವಳಿ ಮೊದಲಾದವು ಮಲೆನಾಡಿನ ಸಣ್ಣ ಉದ್ಯಮಗಳಲ್ಲಿ ಸಾಮಾನ್ಯ.

ಇಂತಹ ಉತ್ಪನ್ನಗಳ ಕೊಳ್ಳುಗರಲ್ಲಿ ಅನೇಕರು ಊರಿನಿಂದ ದೂರದಲ್ಲಿರುತ್ತಾರೆ. ವಸ್ತುವನ್ನು ಮುಟ್ಟಿ ನೋಡುವ, ರುಚಿ ನೋಡುವ, ಮಾಡಿದವರನ್ನು ಮಾತನಾಡಿಸುವ ಅವಕಾಶ ಅವರಿಗಿಲ್ಲ. ಯಂತ್ರದಲ್ಲಿ ಮಾಡಿದ ಅಗ್ಗದ ವಸ್ತು ಮತ್ತು ಕೈಯಿಂದ ಮಾಡಿದ ವಸ್ತುವಿನ ನಡುವಿನ ವ್ಯತ್ಯಾಸ ಕೊಳ್ಳುಗರಿಗೆ ತಿಳಿಯದಿದ್ದರೆ ಕೈಕೆಲಸಕ್ಕೆ ತಕ್ಕ ಬೆಲೆ ದೊರೆಯುವುದಿಲ್ಲ. ಈ ತಿಳಿವಳಿಕೆಯನ್ನು ಮಧ್ಯವರ್ತಿಯ ನೆರವಿಲ್ಲದೆ ತಲುಪಿಸುವುದೇ ಸಾಮಾಜಿಕ ಮಾಧ್ಯಮದ ಮುಖ್ಯ ಉಪಯೋಗ.

## ವಿಷಯಗಳ ಮೂಲಗಳು

### ಗ್ರಾಹಕರ ಪ್ರಶ್ನೆಗಳು

ಅಂಗಡಿಯಲ್ಲಿ, ದೂರವಾಣಿಯಲ್ಲಿ ಅಥವಾ ವಾಟ್ಸಾಪ್ ಸಂದೇಶದಲ್ಲಿ ಗ್ರಾಹಕರು ಕೇಳುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಅತ್ಯಂತ ಸರಳ ವಿಧಾನ. ಹಾಳೆ ತಟ್ಟೆಯಲ್ಲಿ ಬಿಸಿ ಸಾರು ಬಡಿಸಿದರೆ ಸೋರುತ್ತದೆಯೇ, ಮಳೆಗಾಲದಲ್ಲಿ ಹಪ್ಪಳವನ್ನು ಹೇಗೆ ಇಡಬೇಕು, ಜೋನಿಬೆಲ್ಲ ಎಷ್ಟು ದಿನ ಕೆಡದೆ ಇರುತ್ತದೆ, ಕೆತ್ತನೆಯ ಮೂರ್ತಿಯ ದೂಳನ್ನು ಹೇಗೆ ತೆಗೆಯಬೇಕು ಎಂಬಂತಹ ಪ್ರತಿಯೊಂದು ಪ್ರಶ್ನೆಯೂ ಒಂದು ಪೋಸ್ಟ್‌ಗೆ ವಿಷಯವಾಗುತ್ತದೆ. ಒಬ್ಬರು ಕೇಳಿದ ಪ್ರಶ್ನೆ ಕೇಳದೆ ಉಳಿದ ಹಲವರಲ್ಲಿಯೂ ಇರುವ ಸಾಧ್ಯತೆ ಹೆಚ್ಚು. ಮೊದಲ ಪ್ರಶ್ನೆಗೆ ತಟ್ಟೆಯಲ್ಲಿ ಸಾರು ಬಡಿಸಿ, ಕೆಲವು ನಿಮಿಷಗಳ ನಂತರ ಅದರ ತಳವನ್ನು ತೋರಿಸುವ ವಿಡಿಯೊ ಲಿಖಿತ ಉತ್ತರಕ್ಕಿಂತ ಹೆಚ್ಚು ವಿಶ್ವಾಸ ಮೂಡಿಸುತ್ತದೆ.

### ತಯಾರಿಕೆಯ ಹಂತಗಳು

ತಯಾರಕರಿಗೆ ದಿನನಿತ್ಯದ್ದಾಗಿ ಕಾಣುವ ಕೆಲಸ ನೋಡುಗರಿಗೆ ಹೊಸದಾಗಿರುತ್ತದೆ. ಅಡಿಕೆಯ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಚೊಗರು ಕಾಯಿಸುವುದು, ಒಣಗಿಸುವುದು ಮತ್ತು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸುವುದು ಬೇರೆ ಬೇರೆ ವಿಷಯಗಳಾಗಬಲ್ಲವು. ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಯಿಂದ ಮಾಡುವ ಬಿಳಿ ಬಣ್ಣ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಮತ್ತು ಪುಂಡಿ ನಾರಿನ ಕುಂಚ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ತೋರಿಸಬಹುದು. ಕೆತ್ತನೆಯಲ್ಲಿ ಮರದ ದಿಮ್ಮಿ, ಒರಟು ರೂಪ, ಸೂಕ್ಷ್ಮ ಕೆತ್ತನೆ ಮತ್ತು ನಯಗೊಳಿಸಿದ ಮೂರ್ತಿ ಎಂಬ ನಾಲ್ಕು ಚಿತ್ರಗಳನ್ನು ಒಂದೇ ಸ್ಥಳದಿಂದ ತೆಗೆದರೆ, ಒಂದು ವಸ್ತುವಿಗೆ ಎಷ್ಟು ದಿನದ ದುಡಿಮೆ ಬೇಕೆಂಬುದು ಕೊಳ್ಳುಗರಿಗೆ ಅರ್ಥವಾಗುತ್ತದೆ. ಬೆಲೆಯ ಬಗೆಗಿನ ಪ್ರಶ್ನೆಗೂ ಅದೇ ಉತ್ತರವಾಗುತ್ತದೆ.

### ಋತುಮಾನದ ಪಂಚಾಂಗ

ಕೃಷಿ ಆಧಾರಿತ ಉದ್ಯಮಗಳಲ್ಲಿ ವರ್ಷದ ಕೆಲಸಗಳು ಬಹುಮಟ್ಟಿಗೆ ನಿಗದಿಯಾಗಿರುವುದರಿಂದ ವಿಷಯಗಳನ್ನೂ ಮೊದಲೇ ಗುರುತಿಸಿಕೊಳ್ಳಬಹುದು. ಈ ಭಾಗಕ್ಕೆ ಹೊಂದುವ ಸ್ಥೂಲ ಪಂಚಾಂಗ ಹೀಗಿದೆ:

- ಜನವರಿ–ಫೆಬ್ರವರಿ: ಆಲೆಮನೆ, ಕಬ್ಬಿನಹಾಲು, ಜೋನಿಬೆಲ್ಲ, ಅಡಿಕೆ ಕೊಯ್ಲಿನ ಕೊನೆಯ ಹಂತ.
- ಮಾರ್ಚ್–ಏಪ್ರಿಲ್: ಮಾವಿನಮಿಡಿ ಉಪ್ಪಿನಕಾಯಿ, ಊರ ಜಾತ್ರೆ ಮತ್ತು ರಥೋತ್ಸವಗಳು.
- ಏಪ್ರಿಲ್–ಮೇ: ಹಲಸಿನ ಹಪ್ಪಳ, ಸಂಡಿಗೆ, ಮದುವೆಗಳ ಕಾಲವಾದ್ದರಿಂದ ಬಾಸಿಂಗ, ಹಾಳೆ ತಟ್ಟೆ, ಹೊಲಿಗೆ, ಅಡುಗೆ ಗುತ್ತಿಗೆ.
- ಜೂನ್–ಆಗಸ್ಟ್: ಮಳೆಗಾಲ, ಭತ್ತದ ನಾಟಿ, ಒಣ ಪದಾರ್ಥಗಳ ಬಳಕೆ ಮತ್ತು ಸಂಗ್ರಹಣೆಯ ಸಲಹೆಗಳು.
- ಆಗಸ್ಟ್–ಅಕ್ಟೋಬರ್: ಗಣೇಶ ಚತುರ್ಥಿಯ ಮಣ್ಣಿನ ಮೂರ್ತಿಗಳು, ನವರಾತ್ರಿ, ಭೂಮಿ ಹುಣ್ಣಿಮೆಯ ಬುಟ್ಟಿ ಚಿತ್ತಾರ.
- ನವೆಂಬರ್–ಡಿಸೆಂಬರ್: ದೀಪಾವಳಿ ನಂತರದ ಭತ್ತದ ಕೊಯ್ಲು ಮತ್ತು ಒಕ್ಕಣೆ, ಅಡಿಕೆ ಸುಲಿತ.

ಹಬ್ಬದ ದಿನ ಪ್ರಕಟಿಸುವ ಶುಭಾಶಯಕ್ಕಿಂತ ಹಬ್ಬಕ್ಕೆ ಎರಡು ಮೂರು ವಾರ ಮೊದಲು ನೀಡುವ ಮಾಹಿತಿ ವ್ಯಾಪಾರಕ್ಕೆ ಹೆಚ್ಚು ಉಪಯುಕ್ತ. ಮೂರ್ತಿಗೆ ಮುಂಗಡ ನೀಡುವ ಕೊನೆಯ ದಿನ, ಪಾರ್ಸೆಲ್ ತಲುಪಲು ಬೇಕಾಗುವ ಸಮಯ, ಲಭ್ಯವಿರುವ ಅಳತೆಗಳು ಈ ಬಗೆಯ ಮಾಹಿತಿಗೆ ಉದಾಹರಣೆಗಳು. ಕೆಲಸದ ಒತ್ತಡದ ತಿಂಗಳುಗಳಲ್ಲಿ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಬಿಡುವಿನ ತಿಂಗಳುಗಳಲ್ಲಿ ಅವುಗಳನ್ನು ವಿವರಣೆಯೊಂದಿಗೆ ಪ್ರಕಟಿಸುವುದು ಸಹ ರೂಢಿಯಲ್ಲಿದೆ.

### ಸ್ಥಳ ಮತ್ತು ಪರಂಪರೆ

ಶಿಕಾರಿಪುರ ತಾಲ್ಲೂಕಿನಲ್ಲಿ ಕದಂಬರ ಇತಿಹಾಸವನ್ನು ತಿಳಿಸುವ ಸ್ತಂಭ ಶಾಸನವಿರುವ ತಾಳಗುಂದ, ಕೇದಾರೇಶ್ವರ ದೇವಾಲಯವಿರುವ ಬಳ್ಳಿಗಾವಿ ಮತ್ತು ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಉಡುತಡಿ ಇವೆ. ಸೊರಬ ತಾಲ್ಲೂಕಿನಲ್ಲಿ ಚಂದ್ರಗುತ್ತಿಯ ರೇಣುಕಾಂಬಾ ದೇವಾಲಯ ಮತ್ತು ಗುಡವಿ ಪಕ್ಷಿಧಾಮ ಇವೆ. ಖಾನಾವಳಿ, ಬಾಡಿಗೆ ವಾಹನ, ಹೋಂಸ್ಟೇ ನಡೆಸುವವರಿಗೆ ದಾರಿ, ಭೇಟಿಯ ಸೂಕ್ತ ಕಾಲ, ಬಸ್ಸಿನ ವೇಳೆ, ಹತ್ತಿರದ ಊಟದ ವ್ಯವಸ್ಥೆ ಮೊದಲಾದ ಮಾಹಿತಿಯೇ ಉತ್ತಮ ವಿಷಯ. ಇತಿಹಾಸವನ್ನು ಬರೆಯುವಾಗ ಐತಿಹ್ಯ ಮತ್ತು ಶಾಸನಗಳಿಂದ ತಿಳಿದ ಸಂಗತಿಗಳನ್ನು ಬೇರ್ಪಡಿಸಿ ಹೇಳುವುದು ಅಗತ್ಯ. ಸಂರಕ್ಷಿತ ಸ್ಮಾರಕಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಪಕ್ಷಿಧಾಮದಲ್ಲಿ ಚಿತ್ರ ತೆಗೆಯುವಾಗ ಗೂಡುಗಳಿಗೆ ತೊಂದರೆಯಾಗದಂತೆ ಎಚ್ಚರ ವಹಿಸಬೇಕಾಗುತ್ತದೆ.

### ಬಳಕೆದಾರರ ಅನುಭವ

ಉತ್ಪನ್ನವನ್ನು ಬಳಸಿದವರು ಕಳುಹಿಸುವ ಚಿತ್ರ ಮತ್ತು ಅಭಿಪ್ರಾಯಗಳು ಮತ್ತೊಂದು ಮೂಲ. ಇವುಗಳನ್ನು ಪ್ರಕಟಿಸುವ ಮೊದಲು ಕಳುಹಿಸಿದವರ ಒಪ್ಪಿಗೆಯನ್ನು ಪಡೆಯಬೇಕು. ಸಂದೇಶದ ತೆರೆಚಿತ್ರದಲ್ಲಿ ಅವರ ದೂರವಾಣಿ ಸಂಖ್ಯೆ ಮತ್ತು ವಿಳಾಸ ಕಾಣದಂತೆ ಮಾಡಬೇಕು.

## ಬಾಕಾಹು: ಒಂದು ನಿದರ್ಶನ

ಬಳಕೆದಾರರ ಅನುಭವವೇ ಬೇಡಿಕೆಯನ್ನು ಬೆಳೆಸಿದ ನಿದರ್ಶನವಾಗಿ ಕರ್ನಾಟಕದಲ್ಲಿ 2021ರಲ್ಲಿ ನಡೆದ ‘ಬಾಕಾಹು’ ಆಂದೋಲನವನ್ನು ಗಮನಿಸಬಹುದು. ಬಾಳೆಕಾಯಿ ಹುಡಿ ಎಂಬುದರ ಸಂಕ್ಷಿಪ್ತ ರೂಪವೇ ಬಾಕಾಹು. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡಿ ಅಡುಗೆಯಲ್ಲಿ ಬಳಸುವುದನ್ನು ಪ್ರಚುರಪಡಿಸುವಲ್ಲಿ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆ ಅವರು ಪ್ರಮುಖ ಪಾತ್ರ ವಹಿಸಿದರು.

ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳೆಯರು ಈ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮೊದಲಾದ ತಿನಿಸುಗಳನ್ನು ತಯಾರಿಸಿ, ಅವುಗಳ ಚಿತ್ರಗಳನ್ನು ಸಾಮಾಜಿಕ ಮಾಧ್ಯಮಗಳಲ್ಲಿ ಹಂಚಿಕೊಂಡರು. ಪ್ರಧಾನಿ ನರೇಂದ್ರ ಮೋದಿ ಅವರು 2021ರ ಜುಲೈ ತಿಂಗಳ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಈ ಪ್ರಯತ್ನವನ್ನು ಪ್ರಸ್ತಾಪಿಸಿದರು. ಹೆಚ್ಚು ಜನರಿಗೆ ವಿಷಯ ತಿಳಿದಂತೆ ಬಾಳೆಕಾಯಿ ಹುಡಿಗೆ ಬೇಡಿಕೆಯೂ ಮಹಿಳೆಯರ ಆದಾಯವೂ ಹೆಚ್ಚಿದುದನ್ನು ಅವರು ಉಲ್ಲೇಖಿಸಿದರು.

ಈ ನಿದರ್ಶನದಲ್ಲಿ ಗಮನಾರ್ಹವಾದುದು ವಿಷಯದ ಸ್ವರೂಪ. ಹುಡಿಯ ಪೊಟ್ಟಣದ ಜಾಹೀರಾತಿನ ಬದಲು ಅದರಿಂದ ಏನು ಮಾಡಬಹುದು ಎಂಬುದನ್ನು ಚಿತ್ರಗಳು ತೋರಿಸಿದವು. ಒಬ್ಬರ ಅಡುಗೆಯ ಚಿತ್ರವನ್ನು ನೋಡಿದವರು ತಾವೂ ಪ್ರಯತ್ನಿಸಿ ಹೊಸ ಚಿತ್ರವನ್ನು ಹಾಕಲು ಅವಕಾಶವಿದ್ದುದರಿಂದ ವಿಷಯವು ತಾನಾಗಿಯೇ ಬೆಳೆಯುವಂತಿತ್ತು. ಅನಾನಸ್, ಹಲಸು, ಶುಂಠಿಗಳಂತಹ ಬೆಲೆ ಏರಿಳಿತಕ್ಕೆ ಒಳಗಾಗುವ ಬೆಳೆಗಳ ಸಂಸ್ಕರಣೆಗೂ ಇದೇ ಕ್ರಮವನ್ನು ಅನ್ವಯಿಸಬಹುದು.

## ಯೋಜನೆಯ ಕ್ರಮ

ಸಣ್ಣ ಉದ್ಯಮಗಳಿಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸ್ಥಿರ ವಿಷಯ ವರ್ಗಗಳು ಸಾಕಾಗುತ್ತವೆ. ವಾರಕ್ಕೆ ಮೂರು ಪೋಸ್ಟ್‌ಗಳನ್ನು ಹಾಕುವ ಹಲಸಿನ ಹಪ್ಪಳದ ಗೃಹೋದ್ಯಮವೊಂದನ್ನು ಕಲ್ಪಿಸಿಕೊಂಡರೆ ಅದರ ಯೋಜನೆ ಹೀಗಿರಬಹುದು:

- ವಾರದ ಆರಂಭ – ತಯಾರಿಕೆ: ತೊಳೆ ಬಿಡಿಸುವುದು, ಬೇಯಿಸುವುದು, ರುಬ್ಬುವುದು, ತಟ್ಟುವುದು, ಒಣಗಿಸುವುದು. ಐದು ಹಂತಗಳು ಐದು ವಾರಗಳ ವಿಷಯವಾಗುತ್ತವೆ.
- ವಾರದ ಮಧ್ಯ – ಪ್ರಶ್ನೋತ್ತರ: ಪ್ರಶ್ನೆಗಳ ಪುಸ್ತಕದಿಂದ ಒಂದನ್ನು ಆಯ್ದು ಉತ್ತರಿಸುವುದು.
- ವಾರಾಂತ್ಯ – ಲಭ್ಯತೆ: ಎಷ್ಟು ಪೊಟ್ಟಣಗಳು ಸಿದ್ಧವಿವೆ, ತೂಕ, ಬೆಲೆ, ಸಾಗಣೆ ವೆಚ್ಚ, ಆರ್ಡರ್ ನೀಡುವ ಸಂಖ್ಯೆ.

ಅಕಾಲಿಕ ಮಳೆಯಿಂದ ಹಪ್ಪಳ ಒಣಗದೆ ವಿಳಂಬವಾದಲ್ಲಿ ಅದನ್ನೂ ತಿಳಿಸುವುದು ಸೂಕ್ತ. ಮೋಡದ ಆಕಾಶ ಮತ್ತು ಖಾಲಿ ಅಂಗಳದ ಒಂದು ಚಿತ್ರವು ವಿಳಂಬದ ಕಾರಣವನ್ನು ತಿಳಿಸುವುದರ ಜೊತೆಗೆ ಉತ್ಪನ್ನವನ್ನು ಬಿಸಿಲಿನಲ್ಲಿಯೇ ಒಣಗಿಸಲಾಗುತ್ತದೆ ಎಂಬುದನ್ನೂ ದೃಢಪಡಿಸುತ್ತದೆ.

### ಮಾಧ್ಯಮದ ಆಯ್ಕೆ

ಪರಿಚಿತ ಗ್ರಾಹಕರಿಗೆ ಲಭ್ಯತೆಯನ್ನು ತಿಳಿಸಲು ವಾಟ್ಸಾಪ್ ಸ್ಟೇಟಸ್ ಮತ್ತು ಕ್ಯಾಟಲಾಗ್, ಹೊಸಬರನ್ನು ತಲುಪಲು ಇನ್‌ಸ್ಟಾಗ್ರಾಮ್ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್, ವಿವರವಾದ ತಯಾರಿಕಾ ವಿಧಾನಕ್ಕೆ ಯೂಟ್ಯೂಬ್ ಹೆಚ್ಚು ಸೂಕ್ತ. ಶಿರಾಳಕೊಪ್ಪ ಅಥವಾ ಆನವಟ್ಟಿಯಂತಹ ಪಟ್ಟಣದ ಅಂಗಡಿಗೆ ಗೂಗಲ್ ನಕ್ಷೆಯಲ್ಲಿ ಸರಿಯಾದ ಸ್ಥಳ, ವೇಳೆ ಮತ್ತು ದೂರವಾಣಿ ಸಂಖ್ಯೆ ಇರುವುದು ಅನೇಕ ಪೋಸ್ಟ್‌ಗಳಿಗಿಂತ ಉಪಯುಕ್ತವಾಗಬಹುದು. ಎಲ್ಲ ಜಾಲತಾಣಗಳಲ್ಲಿಯೂ ಇರಬೇಕೆಂಬ ನಿಯಮವಿಲ್ಲ. ನಿಯಮಿತವಾಗಿ ನಿರ್ವಹಿಸಬಹುದಾದ ಒಂದೆರಡು ಸಾಕು.

### ಭಾಷೆ ಮತ್ತು ಚಿತ್ರೀಕರಣ

ಸ್ಥಳೀಯ ಕೊಳ್ಳುಗರಿಗೆ ಮತ್ತು ಊರಿನಿಂದ ಹೊರಗಿರುವ ಕನ್ನಡಿಗರಿಗೆ ಆಡುಮಾತಿನ ಕನ್ನಡದ ವಿವರಣೆ ಆಪ್ತವೆನಿಸುತ್ತದೆ. ಬೇರೆ ರಾಜ್ಯಗಳ ಕೊಳ್ಳುಗರಿಗಾಗಿ ಇಂಗ್ಲಿಷ್ ಅಥವಾ ಹಿಂದಿಯ ಕಿರು ಅಡಿಬರಹವನ್ನು ಸೇರಿಸಬಹುದು. ಉತ್ಪನ್ನದ ಸ್ಥಳೀಯ ಹೆಸರನ್ನು ಉಳಿಸಿಕೊಂಡು ವಿವರಣೆ ನೀಡಿದರೆ ಹುಡುಕುವವರಿಗೆ ಅನುಕೂಲ. ಚಿತ್ರೀಕರಣಕ್ಕೆ ಸಾಮಾನ್ಯ ಮೊಬೈಲ್ ಮತ್ತು ಬೆಳಗಿನ ಅಥವಾ ಸಂಜೆಯ ಸಹಜ ಬೆಳಕು ಸಾಕು. ವಸ್ತುವಿನ ನಿಜವಾದ ಗಾತ್ರ ತಿಳಿಯುವಂತೆ ಕೈಯನ್ನೋ ಅಳತೆಪಟ್ಟಿಯನ್ನೋ ಜೊತೆಗಿಡುವುದರಿಂದ ಮುಂದೆ ಬರಬಹುದಾದ ದೂರುಗಳು ಕಡಿಮೆಯಾಗುತ್ತವೆ.

## ಕಾನೂನು ಮತ್ತು ನೈತಿಕ ಅಂಶಗಳು

ಸಾಮಾಜಿಕ ಮಾಧ್ಯಮದ ಪೋಸ್ಟ್ ಕೂಡ ಜಾಹೀರಾತಾಗಿ ಪರಿಗಣಿತವಾಗಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ ಮತ್ತು ಮರುಕಳಿಸಿದಲ್ಲಿ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

- ಆಹಾರ ಪದಾರ್ಥಗಳು: ತಯಾರಕರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಇದರ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ನಮೂದಿಸಲಾಗುತ್ತದೆ.
- ರೋಗ ನಿವಾರಣೆಯ ಹೇಳಿಕೆಗಳು: ಜೇನು, ಕಷಾಯದ ಪುಡಿ ಮೊದಲಾದವು ಮಧುಮೇಹ, ಕ್ಯಾನ್ಸರ್‌ನಂತಹ ಕಾಯಿಲೆಗಳನ್ನು ಗುಣಪಡಿಸುತ್ತವೆ ಎಂದು ಪ್ರಚಾರ ಮಾಡುವುದು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ, 1954ರ ಉಲ್ಲಂಘನೆಯಾಗುತ್ತದೆ.
- ಭೌಗೋಳಿಕ ಸೂಚ್ಯಂಕ: ಶಿರಸಿ ಸುಪಾರಿಗೆ 2019ರಲ್ಲಿ ಈ ಮಾನ್ಯತೆ ದೊರೆಯಿತು. ಇದು ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಪ್ರದೇಶದ ಅಡಿಕೆಗೆ ಸಂಬಂಧಿಸಿದೆ. ಪಕ್ಕದಲ್ಲಿಯೇ ಇರುವ ಸೊರಬದ ಅಡಿಕೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ತನ್ನ ಊರಿನ ಹೆಸರಿನಲ್ಲಿಯೇ ಗುಣಮಟ್ಟವನ್ನು ಪರಿಚಯಿಸುವುದು ಸರಿಯಾದ ದಾರಿ.
- ಶ್ರೀಗಂಧ: ಇದರ ಸ್ವಾಧೀನ ಮತ್ತು ಸಾಗಣೆಗೆ ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ಸಂಬಂಧಿತ ನಿಯಮಗಳು ಅನ್ವಯಿಸುತ್ತವೆ. ಬೇರೆ ಮರದ ಕೆತ್ತನೆಯನ್ನು ಶ್ರೀಗಂಧವೆಂದು ಬಿಂಬಿಸುವುದು ವಂಚನೆಯಾಗುತ್ತದೆ.
- ಹಕ್ಕುಸ್ವಾಮ್ಯ: ಚಲನಚಿತ್ರ ಗೀತೆಗಳನ್ನು ವಾಣಿಜ್ಯ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸುವುದು ಹಕ್ಕುಸ್ವಾಮ್ಯ ಕಾಯ್ದೆ, 1957ಕ್ಕೆ ವಿರುದ್ಧ. ರುಬ್ಬುವ ಕಲ್ಲು, ಉಳಿ, ಮಳೆ ಇವುಗಳ ಸಹಜ ಧ್ವನಿಯನ್ನು ಬಳಸಿದರೆ ಈ ತೊಡಕಿರುವುದಿಲ್ಲ.
- ಕಲಾವಿದರ ಹೆಸರು: ಚಿತ್ತಾರ ಬರೆದವರ ಅಥವಾ ಕೆತ್ತಿದವರ ಹೆಸರನ್ನು ಅವರ ಒಪ್ಪಿಗೆಯೊಂದಿಗೆ ನಮೂದಿಸುವುದು ಉತ್ತಮ ಪದ್ಧತಿ.

## ಫಲಿತಾಂಶದ ಅಳತೆ

ಮೆಚ್ಚುಗೆ ಮತ್ತು ವೀಕ್ಷಣೆಗಳ ಸಂಖ್ಯೆಯು ಮಾರಾಟವನ್ನು ಸೂಚಿಸುವುದಿಲ್ಲ. ವಿಚಾರಣೆಯ ಸಂದೇಶಗಳು, ಅವುಗಳಲ್ಲಿ ಆರ್ಡರ್ ಆದವು, ಮತ್ತೆ ಕೊಂಡವರು ಮತ್ತು ಪರಿಚಿತರ ಮಾತಿನಿಂದ ಬಂದವರು ಎಂಬ ನಾಲ್ಕು ಅಂಕಿಗಳನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಯಾವ ವಿಷಯ ಫಲಕಾರಿ ಎಂಬುದು ತಿಳಿಯುತ್ತದೆ. ಪ್ರತಿ ಹೊಸ ಗ್ರಾಹಕರನ್ನು ‘ನಮ್ಮ ಬಗ್ಗೆ ಹೇಗೆ ತಿಳಿಯಿತು’ ಎಂದು ಕೇಳುವುದು ಇದಕ್ಕೆ ಸುಲಭ ಉಪಾಯ. ಪೂರೈಸಲಾಗದಷ್ಟು ಬೇಡಿಕೆಯೂ ಸಣ್ಣ ಘಟಕಕ್ಕೆ ಹಾನಿಕರವಾಗಬಹುದಾದ್ದರಿಂದ ಸಾಮರ್ಥ್ಯಕ್ಕೆ ತಕ್ಕಂತೆ ಲಭ್ಯತೆಯನ್ನು ಪ್ರಕಟಿಸಬೇಕಾಗುತ್ತದೆ.

## ಮಿತಿಗಳು

ಜಾಲತಾಣಗಳ ಮೇಲಿನ ಸಂಪೂರ್ಣ ಅವಲಂಬನೆ ಅಪಾಯಕಾರಿ. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅಲ್ಲಿದ್ದ ಖಾತೆಗಳ ಅನುಯಾಯಿ ಬಳಗ ಒಮ್ಮೆಲೇ ಕೈತಪ್ಪಿತು. ಈ ಕಾರಣದಿಂದ ಗ್ರಾಹಕರ ಸಂಪರ್ಕ ಪಟ್ಟಿಯನ್ನು ಅವರ ಒಪ್ಪಿಗೆಯೊಂದಿಗೆ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಮತ್ತು ಮೂಲ ಚಿತ್ರಗಳನ್ನು ಸಂಗ್ರಹಿಸಿಡುವುದು ಅವಶ್ಯ. ನಕಲಿ ಪಾವತಿಯ ಚಿತ್ರ ಕಳುಹಿಸಿ ವಂಚಿಸುವ ಪ್ರಕರಣಗಳೂ ಇರುವುದರಿಂದ ಹಣ ಖಾತೆಗೆ ಜಮೆಯಾದುದನ್ನು ಪರಿಶೀಲಿಸಿದ ನಂತರವೇ ವಸ್ತುವನ್ನು ಕಳುಹಿಸಬೇಕಾಗುತ್ತದೆ. ಆರ್ಥಿಕ ಸೈಬರ್ ವಂಚನೆಯ ದೂರಿಗೆ ರಾಷ್ಟ್ರೀಯ ಸಹಾಯವಾಣಿ 1930 ಇದೆ.

ಮಲೆನಾಡಿನ ಹಲವು ಹಳ್ಳಿಗಳಲ್ಲಿ ಮಳೆಗಾಲದ ವಿದ್ಯುತ್ ಮತ್ತು ನೆಟ್‌ವರ್ಕ್ ವ್ಯತ್ಯಯ ಮತ್ತೊಂದು ಅಡಚಣೆ. ಸ್ವಸಹಾಯ ಸಂಘಗಳಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ ಒಬ್ಬ ಸದಸ್ಯೆಯ ಮೇಲೆಯೇ ಈ ಹೊಣೆ ಬಿದ್ದಾಗ ಅವರ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುವ ಸಾಧ್ಯತೆಯಿದೆ. ಚಿತ್ರೀಕರಣ, ಉತ್ತರಿಸುವಿಕೆ ಮತ್ತು ಪಾರ್ಸೆಲ್ ಕಟ್ಟುವ ಸಮಯವನ್ನೂ ಉತ್ಪಾದನಾ ವೆಚ್ಚದಲ್ಲಿ ಸೇರಿಸಿದರೆ ಮಾತ್ರ ನೇರ ಮಾರಾಟದ ನಿಜವಾದ ಲಾಭ ತಿಳಿಯುತ್ತದೆ.